ಗೋಡೆಯ ಮೇಲಿನ ಚೌಡಪ್ಪ

ಮರಗೆಲಸದವನಿಗೆ ಉಳಿಯಿಂದ ಆಗುವ ಗಾಯಕ್ಕಿಂತ ಗಿರಾಕಿಗಳಿಂದ ಆಗುವ ಪಜೀತಿ ಹೆಚ್ಚು. ಮುಳಬಾಗಿಲಿನಲ್ಲಿ ಕೂತು, ಜನರ ಮನೆಯ ಗೋಡೆಗೆ ತೇಗದ ಅಕ್ಷರಗಳ ಹಲಗೆ ಮಾಡಿಕೊಡುವುದು ನನ್ನ ಕಸುಬಾಗಿತ್ತು. ಒಂದೊಂದು ಅಕ್ಷರವನ್ನೂ ಬೇರೆ ಬೇರೆ ಕೊಯ್ದು, ಉಜ್ಜಿ, ಹಲಗೆಗೆ ಅಂಟಿಸಿ, ಪಾಲಿಷ್ ಹೊಡೆಯಬೇಕು. ಹಜಾರದಲ್ಲಿ ಅಂಥದ್ದೊಂದು ಇರಲೇಬೇಕೆಂಬ ಹುಚ್ಚು ಆಗ ಎಲ್ಲರಿಗೂ ಹಿಡಿದಿತ್ತು. ನಮ್ಮ ಮನೆಯ ಗೋಡೆಯ ಮೇಲೆ ಮಾತ್ರ ನನ್ನ ಹೆಸರಿರಲಿಲ್ಲ.

೧. ಸುಸ್ವಾಗತ

ಮಾಲೂರಿನ ಇಟ್ಟಿಗೆ ಗೂಡಿನ ಯಜಮಾನರೊಬ್ಬರು ಹೊಸ ಮನೆಗೆ ‘ಸುಸ್ವಾಗತ’ ಎಂದು ದೊಡ್ಡ ಹಲಗೆ ಮಾಡಿಸಿದರು. ನಾನೇ ಹೋಗಿ ಮೊಳೆ ಹೊಡೆದು ಬಂದೆ. ತಿಂಗಳು ತುಂಬುವ ಮುಂಚೆ ಹಲಗೆಯನ್ನು ಟವಲಿನಲ್ಲಿ ಸುತ್ತಿಕೊಂಡು ಅವರೇ ನಮ್ಮ ಬಾಗಿಲಿಗೆ ಬಂದರು. ಅಕ್ಷರವೇನಾದರೂ ಉದುರಿತೇ ಎಂದು ಕೇಳಿದೆ. ಅಕ್ಷರಕ್ಕೆ ಏನೂ ಆಗಿಲ್ಲ, ಅದನ್ನು ನೋಡಿ ಒಳಗೆ ಬಂದ ಹೆಂಡತಿಯ ಕಡೆಯವರು ಇನ್ನೂ ಎದ್ದು ಹೋಗಿಲ್ಲ ಎಂದರು. ಹಾಗಾದರೆ ಬದಲಿಗೆ ಏನು ಮಾಡಿಕೊಡಲಿ ಎಂದೆ.

“ಬೆಂಗಳೂರು ರೈಲು ಎಷ್ಟು ಹೊತ್ತಿಗೆ ಹೊರಡುತ್ತೆ ಅಂತ ಮಾಡ್ಕೊಡಿ ಆಚಾರ್ರೇ. ಅಕ್ಷರ ದೊಡ್ಡದಾಗಿರಲಿ.”

೨. ಹುದ್ದೆ

ಶ್ರೀನಿವಾಸಪುರದಲ್ಲಿ ಚೌಡಪ್ಪ ಎಂಬ ಶಿರಸ್ತೇದಾರರಿದ್ದರು. ತಮ್ಮ ಹೆಸರು, ಅದರ ಕೆಳಗೆ ಹುದ್ದೆ, ಎರಡೂ ಇರುವ ಹಲಗೆ ಬೇಕೆಂದರು. ಪಾಲಿಷ್ ಒಣಗುವಷ್ಟರಲ್ಲಿ ಅವರಿಗೆ ನಿವೃತ್ತಿಯಾಯಿತು. ಹುದ್ದೆಯನ್ನು ಕಿತ್ತುಬಿಡು ಎಂದು ಅವರು, ಕಿತ್ತರೆ ಹಲಗೆ ಮನೆಗೆ ತರುವುದೇ ಬೇಡ ಎಂದು ಅವರ ಮನೆಯಾಕೆ. ತೀರ್ಮಾನವಾಗುವ ತನಕ ಇಲ್ಲೇ ಇರಲಿ ಎಂದು, ನಮ್ಮ ಪಡಸಾಲೆಯಲ್ಲಿ ಒಣಗುತ್ತಿದ್ದ ನಾಲ್ಕಾರು ಹಲಗೆಗಳ ನಡುವೆ ಅದನ್ನೂ ನೇತುಹಾಕಿಸಿದರು. ಅವರ ಮಗಳ ಮನೆ ಮುಳಬಾಗಿಲಿನಲ್ಲೇ. ಬಂದಾಗಲೆಲ್ಲ ನಮ್ಮಲ್ಲಿಗೂ ಬಂದು, ಹತ್ತು ನಿಮಿಷ ತಮ್ಮ ಹುದ್ದೆಯನ್ನು ನೋಡಿಕೊಂಡು ಹೋಗುತ್ತಿದ್ದರು.

೩. ನಾಲ್ಕು ಒಬ್ಬಟ್ಟು

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂಬ ವಿಷಯದಲ್ಲಿ ನನ್ನ ಹೆಂಡತಿ ಬಲು ಕಟ್ಟುನಿಟ್ಟು. ನಾನಿಲ್ಲದಾಗ ಯಾರಾದರೂ ಬಂದು ಯಜಮಾನರ ಹೆಸರೇನು ಎಂದರೆ, ಎದುರು ಮನೆಯ ಪಾಲಿಷ್ ಸಾಬರನ್ನು ಕರೆದು ಅವರ ಬಾಯಲ್ಲಿ ಹೇಳಿಸಬೇಕಾಗಿತ್ತು. ಗೋಡೆಯ ಮೇಲೆ ನನ್ನ ಹೆಸರಿದ್ದರೆ ಕೈ ತೋರಿಸಿದರಾಯಿತು ಎಂದು ವರ್ಷಗಟ್ಟಲೆ ಕೇಳಿದಳು. ನಾಳೆ, ನಾಡಿದ್ದು ಎನ್ನುತ್ತಾ ಬಂದೆ. ಊರಿಗೆಲ್ಲ ಮಾಡಿಕೊಡುವ ಕೈಗೆ ನಮ್ಮದೊಂದು ಭಾರವಾಯಿತೇ ಎಂದು ಒಂದು ದಿನ ಅತ್ತೇಬಿಟ್ಟಳು. ಅವಳಿಗೆ ಓದು ಬರದು. ಶಿರಸ್ತೇದಾರರ ಹಲಗೆಯನ್ನು ತೋರಿಸಿ, ಮಾಡಿ ಆಯಿತಲ್ಲ, ಇದೇ ನನ್ನದು ಎಂದುಬಿಟ್ಟೆ. ಸಂತೋಷಕ್ಕೆ ಅವತ್ತು ಒಬ್ಬಟ್ಟು ಮಾಡಿದಳು. ನಾಚಿಕೆಯಿಲ್ಲದೆ ನಾಲ್ಕು ತಿಂದೆ.

೪. ಚೀಟಿ

ಯುದ್ಧದ ಕಾಲದಲ್ಲಿ ರೇಷನ್ ಬಂತು. ಮನೆಮನೆಯ ಹೆಸರು ಬರೆದುಕೊಳ್ಳಲು ಗುಮಾಸ್ತರು ಬಂದ ದಿನ ನಾನು ಮರ ನೋಡಲು ಗೌನಿಪಲ್ಲಿಗೆ ಹೋಗಿದ್ದೆ. ಹೆಂಡತಿ ಈ ಸಲ ಸಾಬರನ್ನು ಕರೆಯಲಿಲ್ಲ. ಜಂಬದಿಂದ ಗೋಡೆಯ ಮೇಲಿನ ಆ ಹಲಗೆ ತೋರಿಸಿದಳು. ಅವರು ಅಲ್ಲಿದ್ದದ್ದನ್ನು ಇದ್ದಹಾಗೆ ಬರೆದುಕೊಂಡು, ಹೋಗುವಾಗ ಬಗ್ಗಿ ನಮಸ್ಕಾರವನ್ನೂ ಮಾಡಿದರಂತೆ.

ಮುಂದಿನ ವಾರ ರೇಷನ್ ಚೀಟಿ ತರಲು ಇಬ್ಬರೂ ಡಿಪೊಗೆ ಹೋದೆವು. ನಮ್ಮ ಸರದಿ ಬಂದಾಗ ಗುಮಾಸ್ತರು ಚೌಡಪ್ಪ, ಶಿರಸ್ತೇದಾರ್ ಎಂದು ಕೂಗಿ ಚೀಟಿಯನ್ನು ನಮ್ಮತ್ತ ಚಾಚಿದರು. ಹೆಂಡತಿ ನನ್ನ ಮುಖ ನೋಡಿದಳು. ಅಷ್ಟು ಜನರ ನಡುವೆ ನನಗೆ ನಿಂತ ನೆಲ ಕುಸಿಯಬಾರದೇ ಅನ್ನಿಸಿತು. ಮನೆಗೆ ಬಂದ ಮೇಲೆ, ನಾಳೆಯೇ ಚೀಟಿ ತಿದ್ದಿಸುತ್ತೇನೆ, ನನ್ನ ಹೆಸರಿನ ಹಲಗೆಯನ್ನೂ ಮಾಡುತ್ತೇನೆ ಎಂದು ಗೋಗರೆದೆ.

“ಎರಡೂ ಬೇಡ ಬಿಡಿ,” ಎಂದಳು. “ಇದು ನನ್ನ ಗಂಡನ ಹೆಸರಲ್ಲ. ಕೂಗಿದ್ರೆ ದೋಷ ಇಲ್ಲ.”

ಅಲ್ಲಿಂದ ಶುರುವಾಯಿತು. ಇಪ್ಪತ್ತು ವರ್ಷ ‘ರೀ’ ಎಂದವಳು ಬಾವಿಕಟ್ಟೆಯಿಂದ, ಸಂತೆಯ ನಡುವಿನಿಂದ, ಬೀದಿಗೆಲ್ಲ ಕೇಳುವಂತೆ ಚೌಡಪ್ಪನೋರೇ ಎಂದು ಕರೆಯತೊಡಗಿದಳು. ಪಾಲಿಷ್ ಸಾಬರು ಬೆಳಗ್ಗೆ ಎದ್ದರೆ “ಕ್ಯಾ ಚೌಡಪ್ಪಾ” ಎನ್ನುವರು. ಸುಳ್ಳು ನನ್ನದೇ ಆದ್ದರಿಂದ ಓಗೊಡುವುದನ್ನು ಕಲಿತೆ.

ಒಂದು ಮಧ್ಯಾಹ್ನ ಶಿರಸ್ತೇದಾರರು ಬಂದರು. ಹುದ್ದೆ ಕೀಳಿಸಲು ಅವರ ಮನೆಯಾಕೆ ಕೊನೆಗೂ ಒಪ್ಪಿದ್ದರಂತೆ. ಅವರನ್ನು ಜಗಲಿಯಲ್ಲಿ ಕೂರಿಸಿ, ಹಲಗೆ ಇಳಿಸಿ ತಂದು, ಪಕ್ಕದಲ್ಲಿ ಕೂತು ಉಳಿ ಕೈಗೆತ್ತಿಕೊಂಡೆ. ಅವರು ಬಂದದ್ದು ಒಳಗಿದ್ದ ಹೆಂಡತಿಗೆ ತಿಳಿಯದು.

“ಚೌಡಪ್ಪನೋರೇ, ಮುದ್ದೆ ಆರೋಗ್ತದೆ, ಎದ್ದು ಬನ್ನಿ.”

ಇಬ್ಬರೂ ಎದ್ದೆವು. ಸರ್ವೀಸಿನಲ್ಲಿದ್ದಾಗಲೂ ಯಾರೂ ಇಷ್ಟು ಪ್ರೀತಿಯಿಂದ ಕರೆದಿರಲಿಲ್ಲ ಎನ್ನುತ್ತಾ ಶಿರಸ್ತೇದಾರರು ಕಾಲು ತೊಳೆದು, ಸೀದಾ ಹೋಗಿ ನನ್ನ ಮಣೆಯ ಮೇಲೆ ಕೂತರು. ಹೆಂಡತಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ತಟ್ಟೆಯನ್ನು ಅವರ ಮುಂದಿಟ್ಟಳು. ಮೂರು ಮುದ್ದೆ ಉಂಡರು. ಡಿಪೊದಿಂದ ಆ ರಾಗಿ ಬಂದದ್ದೂ ಅವರ ಹೆಸರಿನಲ್ಲೇ ತಾನೇ.