ನಲ್ಲಿಯಲ್ಲಿ ದೊರೆತ ನಿಕ್ಷೇಪ

ಖನಿಜಾನ್ವೇಷಣಾ ನಿರ್ದೇಶನಾಲಯದ ಮೂರನೇ ಮಹಡಿಯ ನಲ್ಲಿಯಲ್ಲಿ ಸೀಸದ ನಿಕ್ಷೇಪ ಪತ್ತೆಯಾಗಿರುವುದು ಸರ್ಕಾರಿ ಆದೇಶದಲ್ಲಿ ದಾಖಲಾದ ಸಂಗತಿ. ಆದ್ದರಿಂದ ಅದು ನಿಜ.

ಪತ್ತೆ ಹಚ್ಚಿದವಳು ಅಲ್ಲಿನ ರಸಾಯನಶಾಸ್ತ್ರಜ್ಞೆ. ಹನ್ನೊಂದು ವರ್ಷದಿಂದ ಸೀಸದ ಬೆನ್ನು ಹತ್ತಿದ್ದರಿಂದ ಕಚೇರಿಯವರ ಬಾಯಲ್ಲಿ ‘ಸೀಸದಕ್ಕ’. ಸೀಸದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ನಾಲ್ಕು ತೂಕದವು ಬೆರೆತಿರುತ್ತವೆ, ಆ ಬೆರಕೆ ಒಂದೊಂದು ಅದಿರಿಗೂ ಒಂದೊಂದು ಬಗೆ. ಅದನ್ನು ಅಳೆದರೆ ಸೀಸ ಯಾವ ನೆಲದ್ದು, ಕೋಟ್ಯಂತರ ವರ್ಷಗಳ ಹಿಂದೆ ಎರಡು ಭೂಖಂಡಗಳು ಎಲ್ಲಿ ಬಂದು ಅಂಟಿಕೊಂಡವು ಎಂಬುದೆಲ್ಲ ತಿಳಿಯುತ್ತದೆ. ಊರಾಚೆಯ ಗುಡ್ಡದಲ್ಲಿ ಅದಿರಿದೆಯೆಂದು ಮಂತ್ರಿಗಳು ಭಾಷಣದಲ್ಲಿ ಘೋಷಿಸಿಬಿಟ್ಟಿದ್ದರಿಂದ, ಅದನ್ನು ಕಂಡುಹಿಡಿಯುವ ಕೆಲಸ ಅವಳ ಪಾಲಿಗೆ ಬಂತು.

ಗುಡ್ಡದ ಕಲ್ಲಿನಲ್ಲಿ ಸೀಸವೇನೋ ಸಿಕ್ಕಿತು. ಆದರೆ ಬೆರಕೆ ಸುತ್ತಲಿನ ಯಾವ ನೆಲಕ್ಕೂ ಹೊಂದಲಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡು, ಕಡೆಗೆ ಕಲ್ಲಿನ ಪುಡಿ ತೊಳೆಯುವ ನೀರನ್ನೇ ಅಳೆಯುವ ಯಂತ್ರಕ್ಕಿಟ್ಟಳು. ಎರಡರ ಬೆರಕೆಯೂ ತಾಳೆಯಾಯಿತು. ನೀರನ್ನು ಬಟ್ಟಿ ಇಳಿಸಿ ಶುದ್ಧ ಮಾಡುವ ಯಂತ್ರದ ದುರಸ್ತಿ ಕಡತ ಮೂರು ವರ್ಷದಿಂದ ಮೇಜಿಂದ ಮೇಜಿಗೆ ಅಲೆಯುತ್ತಿದ್ದುದರಿಂದ ಎಲ್ಲವನ್ನೂ ನಲ್ಲಿ ನೀರಿನಲ್ಲೇ ತೊಳೆಯುತ್ತಿದ್ದರು. ಕಟ್ಟಡದ ಹಳೆಯ ಕೊಳವೆಗಳು ಸೀಸದವು.

ಮೇಜಿನ ಮೇಲಿದ್ದ ತನ್ನ ಲೋಟದ ನೀರನ್ನು ಅವಳು ಚೆಲ್ಲಿದಳು. ಹನ್ನೊಂದು ವರ್ಷ ಕುಡಿದದ್ದು ಇದೇ ನೀರು. ದಾಖಲೆ ಕೋಣೆಯ ವಯಸ್ಸಾದ ಗುಮಾಸ್ತ, ಎಲ್ಲರೂ ಅಜ್ಜ ಎನ್ನುವವನು, ಈಗೀಗ ಕೈ ನಡುಗುತ್ತದೆಂದು ಎರಡೂ ಕೈಯಲ್ಲಿ ಲೋಟ ಹಿಡಿಯುವವನು, ಮೂವತ್ತನಾಲ್ಕು ವರ್ಷದಿಂದ ಕುಡಿಯುತ್ತಿದ್ದುದೂ ಇದನ್ನೇ. ಅವಳು ನಿರ್ದೇಶಕರ ಕೋಣೆಗೆ ಓಡಿದಳು.

“ಸರ್, ಗುಡ್ಡದಲ್ಲಿ ಏನೂ ಇಲ್ಲ. ಸೀಸ ಇರೋದು ನಮ್ಮ ಪೈಪಲ್ಲಿ. ಇವತ್ತೇ ಬದಲಾಯಿಸ್ಬೇಕು.”

ನಿರ್ದೇಶಕರು ಮನೆಯಿಂದ ತಂದಿದ್ದ ಬಾಟಲಿಯಿಂದ ಒಂದು ಗುಟುಕು ಕುಡಿದರು. “ಪೈಪು ನಮ್ಮ ಇಲಾಖೆಗೆ ಬರಲ್ಲಮ್ಮ. ಸೀಸ ಬರುತ್ತೆ.”

“ವಿಷ ಸರ್ ಅದು!”

“ಇಲ್ಲಿನ ನೆಲಕ್ಕೂ ನಲ್ಲಿಗೂ ಬೆರಕೆ ಬೇರೆ ಅಲ್ವಾ? ಹಾಗಾದ್ರೆ ಮಧ್ಯೆ ಎರಡು ಭೂಖಂಡಗಳ ಪುರಾತನ ಗಡಿ ಇರ್ಲೇಬೇಕು.”

“ಪೈಪು ಬೇರೆಲ್ಲಿಂದಲೋ ಬಂದಿದ್ದು ಸರ್, ಲಾರೀಲಿ.”

“ಭೂಖಂಡಗಳೂ ಬೇರೆಲ್ಲಿಂದಲೋ ಬಂದಿದ್ದೇ ತಾನೆ?”

ವಾರದೊಳಗೆ ನಕ್ಷೆ ಅಚ್ಚಾಯಿತು. ಗಡಿ ಪ್ರಯೋಗಾಲಯದ ಗೋಡೆಯಲ್ಲೇ ಹಾದುಹೋಗಿತ್ತು. ಕಟ್ಟಡ ವಿಭಾಗದ ಎಂಜಿನಿಯರ್ ಬಂದು, ಆ ಗೋಡೆಯಲ್ಲಿದ್ದ ಹಳೆಯ ಬಿರುಕು ಭೂಖಂಡಗಳ ಚಲನೆಯಿಂದ ಆದದ್ದು, ತಮ್ಮ ವ್ಯಾಪ್ತಿಗೆ ಮೀರಿದ್ದು ಎಂದು ಬರೆದು ಹಗುರಾಗಿ ಹೋದ. ಹಿಂದೆಯೇ ಸುತ್ತೋಲೆ:

“ನಲ್ಲಿ ನೀರು ಸರ್ಕಾರದ ಖನಿಜ ಸಂಪತ್ತಾದ್ದರಿಂದ ಪರವಾನಗಿಯಿಲ್ಲದೆ ಕುಡಿಯತಕ್ಕದ್ದಲ್ಲ. ಈಗಾಗಲೇ ಕುಡಿದವರನ್ನು, ಖನಿಜವನ್ನು ದೇಹದಲ್ಲಿ ದಾಸ್ತಾನು ಮಾಡಿದವರೆಂದು ಪರಿಗಣಿಸಿ, ರಕ್ತಪರೀಕ್ಷೆಯ ನಂತರ ‘ಸಂಚಾರಿ ನಿಕ್ಷೇಪ’ಗಳೆಂದು ದರ್ಜೆವಾರು ನೋಂದಾಯಿಸತಕ್ಕದ್ದು.”

ರಕ್ತದ ಫಲಿತಾಂಶ ನೋಡಿದರೆ ಮೇಲಿನವರಿಗೆ ನಾಚಿಕೆಯಾದರೂ ಆದೀತೆಂದು ಸೀಸದಕ್ಕ ತಾನೇ ಪರೀಕ್ಷಿಸಿದಳು. ಎಲ್ಲರದ್ದೂ, ತನ್ನದೂ, ಕೊಳವೆಗೆ ತಾಳೆಯಾಯಿತು. ಅಜ್ಜನದು ಎಲ್ಲರಿಗಿಂತ ಹೆಚ್ಚು. ‘ತಕ್ಷಣ ಚಿಕಿತ್ಸೆ ಅಗತ್ಯ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದಳು. ಕಡತ ಮರಳಿತು: “ಚಿಕಿತ್ಸೆಯೆಂದರೆ ಸೀಸವನ್ನು ಹೊರತೆಗೆಯುವುದು. ಗಣಿ ಗುತ್ತಿಗೆಯಿಲ್ಲದೆ ಅವಕಾಶವಿಲ್ಲ.” ಗುತ್ತಿಗೆ ಮಂತ್ರಿಗಳ ಭಾವಮೈದನಿಗೆ ಆಗಿತ್ತು. ಆತ ಸೀಸದ ಬೆಲೆ ಏರಲೆಂದು ಕಾಯುತ್ತಿದ್ದ.

ತಿಂಗಳ ಕೊನೆಗೆ ಅಜ್ಜ ನಿವೃತ್ತನಾಗಬೇಕಿತ್ತು. ನಿಕ್ಷೇಪವನ್ನು ಶಾಶ್ವತವಾಗಿ ಹೊರಸಾಗಿಸುವಂತಿಲ್ಲವೆಂದು ತಡೆದರು.

“ಕೋರ್ಟಿಗೆ ಹೋಗೋಣ ಅಜ್ಜ, ನಾನು ಸಾಕ್ಷಿ ಹೇಳ್ತೀನಿ,” ಎಂದಳು.

“ಬಿಡಮ್ಮ. ಮೂವತ್ನಾಲ್ಕು ವರ್ಷದಲ್ಲಿ ಒಂದು ಬಡ್ತಿ ಕೊಡ್ಲಿಲ್ಲ. ಈಗ ನೋಡು, ಒಂದನೇ ದರ್ಜೆ!” ಅಜ್ಜನ ಮುಖ ಅರಳಿತ್ತು. ‘ಸಂಚಾರಿ ನಿಕ್ಷೇಪ’ದ ಗುರುತಿನ ಚೀಟಿ ಅವನ ಕೈಯಲ್ಲಿ ಗಡಗಡ ನಡುಗುತ್ತಿತ್ತು.

ಆಮೇಲೆ ಅವಳ ಬಾಗಿಲಲ್ಲಿ ಸಾಲು ನಿಂತಿತು. “ನಂದು ಇನ್ನೊಂದ್ಸಲ ನೋಡಕ್ಕ, ಎರಡನೇ ದರ್ಜೆ ಕೂದಲೆಳೆಯಲ್ಲಿ ತಪ್ಪಿದೆ,” ಎಂದು ಟೈಪಿಸ್ಟ್ ಅಂಗಲಾಚಿದಳು. ಕುಡಿಯುವ ಪರವಾನಗಿಗೆ ಅರ್ಜಿಗಳು ರಾಶಿ ಬಿದ್ದವು.

ಸಂಜೆ ಗೇಟಿನಲ್ಲಿ ಕಾವಲುಗಾರ ಸೀಸದಕ್ಕನನ್ನು ತಡೆದು, ಹೊರಹೋಗುವ ನಿಕ್ಷೇಪಗಳ ಸಾಗಣೆ ಪುಸ್ತಕ ಮುಂದಿಟ್ಟ. ಅವಳು ಪೆನ್ನು ಹಿಡಿದು ಒಂದು ಕ್ಷಣ ನಿಂತಳು. ಹಿಂದಿದ್ದವರು ಬಸ್ಸು ತಪ್ಪುತ್ತದೆಂದು ಗೊಣಗಿದರು. ‘ನಿಕ್ಷೇಪ ಒಂದು, ಮೂರನೇ ದರ್ಜೆ, ನಾಳೆ ಬೆಳಗ್ಗೆ ವಾಪಸು’ ಎಂದು ಬರೆದು ಸಹಿ ಹಾಕಿ, ಮನೆಗೆ ಹೋದಳು.