ಇಂಜಿನ್ನಿನ ಗಾಲಿಗೆ ಒಣದ್ರಾಕ್ಷಿ

ಹೆಂಗಸಿಗೆ ಹವ್ಯಾಸ ಇರಬಾರದೆಂದು ನಮ್ಮ ಕಡೆ ಯಾರೂ ಅನ್ನುವುದಿಲ್ಲ. ಇರಲಿ, ಧಾರಾಳವಾಗಿ ಇರಲಿ ಎಂದೇ ಅನ್ನುತ್ತಾರೆ. ಆದರೆ ಆ ಹವ್ಯಾಸ ಕೊನೆಗೆ ತಿನ್ನುವಂಥದ್ದೋ, ಹೊದೆಯುವಂಥದ್ದೋ, ತೀರ ಏನಿಲ್ಲವೆಂದರೆ ಬಾಗಿಲಿಗೆ ತೂಗುಹಾಕುವಂಥದ್ದೋ ಆಗಿ ಹೊರಬರಬೇಕು. ಬಬಲೇಶ್ವರದಲ್ಲಿರುವ ನನ್ನ ನಾದಿನಿ ಕೌದಿ ಹೊಲಿಯುತ್ತಾಳೆ. ಚಳಿಗಾಲದಲ್ಲಿ ಅವಳ ಹವ್ಯಾಸವನ್ನು ಇಡೀ ಬಳಗ ಹೊದ್ದು ಮಲಗುತ್ತದೆ. ಎದುರು ಮನೆಯಾಕೆ ಉಪ್ಪಿನಕಾಯಿಯಲ್ಲಿ ಹೊಸ ಹೊಸ ಪ್ರಯೋಗ ಮಾಡುತ್ತಾರೆ. ಅದರ ಫಲವನ್ನು ಓಣಿಯವರೆಲ್ಲ ಅನುಭವಿಸುತ್ತೇವೆ. ನನ್ನ ಹವ್ಯಾಸದಿಂದ ಮಾತ್ರ ಇವತ್ತಿನವರೆಗೆ ಏನೂ ಹೊರಬಂದಿಲ್ಲ. ಅದು ಹೊರಡುತ್ತದೆ, ಸುತ್ತುತ್ತದೆ, ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಮುಚ್ಚುಮರೆ ಯಾಕೆ, ಹೇಳಿಬಿಡುತ್ತೇನೆ. ನಾನು ಮಾಳಿಗೆಯ ಮೇಲೆ ರೈಲು ಓಡಿಸುತ್ತೇನೆ.

ಗೇಣುದ್ದದ ಇಂಜಿನ್ನು, ಅದಕ್ಕೆ ತಕ್ಕ ಡಬ್ಬಿಗಳು, ಬೆರಳಗಲದ ಹಳಿ. ಒಂದು ಹಸಿರು ಡೀಸೆಲ್ ಇಂಜಿನ್ನು, ಒಂದು ಕರಿಯ ಉಗಿ ಇಂಜಿನ್ನು. ವೃತ್ತಿಯಿಂದ ನಾನು ದಂತವೈದ್ಯೆ. ವಿಜಾಪುರದ ಜೋರಾಪುರ ಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ದವಾಖಾನೆ, ಅದರ ನೆತ್ತಿಯ ಮೇಲಿನ ಕೋಣೆಯೇ ರೈಲ್ವೆ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಮೇಲೆ ಒಸಡು ಜೋಮು ಹಿಡಿಯಲು ಸ್ವಲ್ಪ ಹೊತ್ತು ಬೇಕಲ್ಲ, ಆ ಹೊತ್ತಿನಲ್ಲಿ ನಾನು ಮೆಟ್ಟಿಲು ಹತ್ತಿ ಹೋಗಿ ಒಂದು ಸುತ್ತು ಓಡಿಸಿ ಬರುವುದುಂಟು. ಮೇಲೇನು ಸದ್ದು, ಇಷ್ಟು ಹೊತ್ತು ಎಲ್ಲಿ ಹೋಗಿದ್ದಿರಿ ಎಂದು ಯಾವ ರೋಗಿಯೂ ಕೇಳಿಲ್ಲ. ಜೋಮು ಹಿಡಿದ ಬಾಯಿಂದ ಪ್ರಶ್ನೆ ಹೊರಡುವುದು ಕಷ್ಟ. ನನ್ನ ವೃತ್ತಿಯಲ್ಲಿರುವ ಈ ಅನುಕೂಲ ಬೇರೆ ಯಾವ ವೃತ್ತಿಯಲ್ಲೂ ಇರಲಾರದು.

ಈ ಹುಚ್ಚು ಹತ್ತಿದ್ದು ಚಿಕ್ಕಂದಿನಲ್ಲಿ. ನನ್ನ ತವರು ಟಿಕೋಟಾ ಕಡೆಯ ಕಳ್ಳಕವಟಗಿ. ಅಲ್ಲಿ ರೈಲಿಲ್ಲ. ಟಿಕೋಟಾದಲ್ಲೂ ಇಲ್ಲ. ಒಮ್ಮೆ ಅಪ್ಪನ ಜೊತೆ ವಿಜಾಪುರಕ್ಕೆ ಬಂದಾಗ, ಡಬ್ಬಿಗಳಿಲ್ಲದ ಒಂಟಿ ಇಂಜಿನ್ನು ಹಳಿಯ ಮೇಲೆ ಸುಮ್ಮನೆ ಅತ್ತ ಹೋಗಿ ಇತ್ತ ಬರುತ್ತಿರುವುದನ್ನು ನೋಡಿದೆ. ನಮ್ಮ ಮನೆಯಲ್ಲಿ ಹುಡುಗಿಯರು ಹಾಗೆ ಕೆಲಸವಿಲ್ಲದೆ ಅತ್ತಿತ್ತ ತಿರುಗಿದರೆ ಕೈಗೆ ಕಸಬರಿಗೆ ಬರುತ್ತಿತ್ತು. ಅಷ್ಟು ದೊಡ್ಡ ಇಂಜಿನ್ನಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಮುಂದೆ ಡಾಕ್ಟರಾಗಿ ಯಾವುದೋ ಊರಿನ ಸಮ್ಮೇಳನಕ್ಕೆ ಹೋದಾಗ ಅಂಗಡಿಯ ಗಾಜಿನ ಹಿಂದೆ ಅದೇ ಇಂಜಿನ್ನು ಗೇಣುದ್ದವಾಗಿ ನಿಂತಿತ್ತು. ಹಲ್ಲಿನ ಸಾಮಾನಿನ ಡಬ್ಬದೊಳಗೆ ಮುಚ್ಚಿಟ್ಟುಕೊಂಡು ಮನೆಗೆ ತಂದೆ.

ಎರಡು ಹಳೆಯ ಬಾಗಿಲು ಜೋಡಿಸಿ ಮೇಜು ಮಾಡಿದೆ. ಹಲ್ಲಿನ ಅಚ್ಚು ತೆಗೆಯುವ ಪ್ಲ್ಯಾಸ್ಟರಿನಿಂದ ಗುಡ್ಡ ಕಟ್ಟಿದೆ. ಗೋಳಗುಮ್ಮಟ ಮಾಡಲು ಹೋದೆ, ಇಡ್ಲಿಯಾಯಿತು, ಹಾಗೇ ಬಿಟ್ಟಿದ್ದೇನೆ. ವಿಜಾಪುರದಿಂದ ಹೊರಟು ಟಿಕೋಟಾ, ಕಳ್ಳಕವಟಗಿ, ಬಬಲೇಶ್ವರದ ಮೇಲೆ ಹಾದು ಮತ್ತೆ ವಿಜಾಪುರಕ್ಕೆ ಬರುವ ದಾರಿ. ಭೂಗೋಳ ಬಲ್ಲವರು ತಕರಾರು ಮಾಡಬಹುದು, ಆದರೆ ಅವರ ಮಾಳಿಗೆಯ ಮೇಲೆ ಅವರು ಬೇಕಾದಂತೆ ಹಳಿ ಹಾಕಿಕೊಳ್ಳಲಿ. ಈ ರೈಲಿಗೆ ಕರೆಂಟು ಬರುವುದು ಹಳಿಯಿಂದಲೇ. ಹಳಿಯಿಂದ ಗಾಲಿಗೆ, ಗಾಲಿಯಿಂದ ಇಂಜಿನ್ನಿನ ಹೊಟ್ಟೆಗೆ. ನಡುವೆ ಚೂರು ಧೂಳು ಬಂದರೂ ಇಂಜಿನ್ನು ಮುಷ್ಕರ ಹೂಡುತ್ತದೆ. ಆದ್ದರಿಂದ ಹತ್ತಿಗೆ ಸ್ಪಿರಿಟ್ ಹಚ್ಚಿ ದಿನಾ ಹಳಿ ಒರೆಸಬೇಕು. ರೋಗಿಗಳಿಗೆ ದಿನಕ್ಕೆರಡು ಸಲ ಹಲ್ಲುಜ್ಜಿರಿ ಎಂದು ಗಂಟಲು ಹರಿದುಕೊಂಡರೂ ಕೇಳುವುದಿಲ್ಲ. ನನ್ನ ಹಳಿಗಳಷ್ಟು ಶುದ್ಧವಾದ ಹಲ್ಲು ಈ ಜಿಲ್ಲೆಯಲ್ಲಿ ನಾನಂತೂ ಕಂಡಿಲ್ಲ.

ಹೀಗೆ ಸುಖವಾಗಿದ್ದೆ. ದಸರೆಗೆ ಮುಂಚೆ ಸಾರವಾಡದಿಂದ ನಮ್ಮತ್ತೆ ಬಂದರು. ಬಂದದ್ದು ಟ್ರ್ಯಾಕ್ಟರಿನಲ್ಲಿ, ಜೋಳದ ಚೀಲಗಳ ಮೇಲೆ ಕೂತು. ಊರಿನ ಮನೆಗೆ ಹೊಸ ಸ್ಲ್ಯಾಬ್ ಹಾಕುತ್ತಿದ್ದರಂತೆ, ವರ್ಷದ ಜೋಳ ಇಡಲು ಜಾಗವಿಲ್ಲ. ಚೀಲಗಳೆಲ್ಲ ದವಾಖಾನೆಯ ಮುಂದಿನ ಪಡಸಾಲೆಯಲ್ಲಿ ಬಿದ್ದವು. ಕುರ್ಚಿ ಇದ್ದರೂ ರೋಗಿಗಳು ಚೀಲದ ಮೇಲೆಯೇ ಕೂತು, ಹಲ್ಲುನೋವು ಮರೆತು, ಈ ಸಲದ ಜೋಳದ ಬಗ್ಗೆ ಮಾತಾಡತೊಡಗಿದರು. ಅತ್ತೆ ಮನೆಯೆಲ್ಲ ಸುತ್ತಿ ನೋಡಿ, ಮಾಳಿಗೆಯ ಕೋಣೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇಷ್ಟ ಚಂದ ಖೋಲಿ, ಇಲಿ ಬರಂಗಿಲ್ಲ, ನೀರ ಬರಂಗಿಲ್ಲ. ಇದನ್ನ ಆಟಿಗಿ ಸಾಮಾನಕ್ಕ ಕೊಟ್ಟೀಯಲ್ಲ ನಮ್ಮವ್ವ. ಇದನ್ನ ಕಟ್ಟಿ ಅಟ್ಟದ ಮ್ಯಾಲ ಹಾಕು, ಚೀಲ ಇಲ್ಲಿ ಇಡೋಣು" ಎಂದರು.

ಗಂಡನ ಕಡೆ ನೋಡಿದೆ. ನಮ್ಮ ಯಜಮಾನರು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ. ಎಲ್ಲ ಯುದ್ಧಗಳ ಕಾರಣಗಳನ್ನೂ ಪರಿಣಾಮಗಳನ್ನೂ ಬಲ್ಲವರಾದ್ದರಿಂದ ತಾವು ಯಾವುದರಲ್ಲೂ ಭಾಗವಹಿಸುವುದಿಲ್ಲ. "ಇಬ್ಬರೂ ಕೂತು ಬಗಿಹರಿಸ್ಕೋರಿ" ಎಂದು ಪೇಪರು ಹಿಡಿದರು. ಆಗ ಸುಮ್ಮನಿರದೆ ನಾನು ಒಂದು ಮಾತು ಅಂದುಬಿಟ್ಟೆ.

"ಅತ್ತೀ, ಇದು ಆಟಿಗಿ ಸಾಮಾನ ಅಲ್ಲರಿ. ಮಷಿನ್ ಐತಿ. ನಿಮ್ಮ ಟ್ರ್ಯಾಕ್ಟರ್ ಹೆಂಗೋ ಹಂಗ."

ಅತ್ತೆ ಬಗ್ಗಿ ಇಂಜಿನ್ನನ್ನು ನೋಡಿದರು. ಟ್ರ್ಯಾಕ್ಟರಿನ ಹೆಸರು ಕೇಳಿದ್ದರಿಂದ ಮುಖದಲ್ಲಿ ಗಾಂಭೀರ್ಯ ಬಂತು. "ಮಷಿನ್ ಅಂದ್ರ ಕೆಲಸ ಮಾಡಬೇಕು. ಮಾಡತೈತೇನು?"

"ಮಾಡತೈತ್ರಿ. ಹೇರು ಎಳೀತೈತಿ."

"ಹಂಗಾರ ಆತು. ಖಂಡಿ ಪೂಜಿ ದಿನ ನಾ ಒಂದ ಮುಟಗಿ ಜೋಳ ಹಾಕತೇನಿ. ಒಂದ ಸುತ್ತ ಹೊಡದು ತಂದು ಮುಟ್ಟಸಲಿ. ಮುಟ್ಟಸಿದ್ರ ಮಷಿನ್, ಖೋಲಿ ಅದಕ್ಕ. ಇಲ್ಲಂದ್ರ ಚೀಲಕ್ಕ."

ಖಂಡೆ ಪೂಜೆ ಎಂದರೆ ಗೊತ್ತಲ್ಲ, ಮಹಾನವಮಿಯ ದಿನ ನಮ್ಮ ಕಡೆ ದುಡಿಯುವ ಸಲಕರಣೆಗಳಿಗೆಲ್ಲ ಪೂಜೆ. ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ, ನಮ್ಮ ಮನೆಯಲ್ಲಿ ಹಲ್ಲು ಕೀಳುವ ಇಕ್ಕಳಕ್ಕೂ ಒಂದು ಕುಂಕುಮದ ಬೊಟ್ಟು. ಆ ದಿನ ಬರುವವರೆಗೆ ನಾನು ಹಳಿ ಒರೆಸಿದ್ದೇ ಒರೆಸಿದ್ದು. ಹಸಿರು ಇಂಜಿನ್ನನ್ನು ಬಿಚ್ಚಿ ಗಾಲಿಗಳನ್ನು ಒಂದೊಂದಾಗಿ ತಿಕ್ಕಿ, ಹಲ್ಲಿನ ಹುಳುಕು ಹುಡುಕುವ ಮೊನೆಯಿಂದ ಹಳಿಯ ಸಂದಿಗಳನ್ನೆಲ್ಲ ಕೆದಕಿದೆ. ಸರಕಿನ ಡಬ್ಬಿಗೆ ಜೋಳ ತುಂಬಿ ಓಡಿಸಿ ನೋಡಿದೆ. ಎಣ್ಣೆ ಸುರಿದ ಹಾಗೆ ಹೋಯಿತು. ನಾನು ಗೆದ್ದಾಗಿತ್ತು. ಚೀಲಗಳನ್ನು ಎಲ್ಲಿಡುವುದು ಎಂದು ಅತ್ತೆಗೆ ಉದಾರವಾಗಿ ಸಲಹೆ ಕೊಡುವ ಮಾತುಗಳನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ.

ಆ ದಿನ ಬಂತು. ಬಬಲೇಶ್ವರದಿಂದ ನಾದಿನಿಯೂ ಬಂದಿದ್ದಳು. ಕೆಳಗೆ ಇಕ್ಕಳ, ಈಳಿಗೆ, ಯಜಮಾನರ ಸ್ಕೂಟರು ಎಲ್ಲದರ ಪೂಜೆ ಮುಗಿಸಿ, ಆರತಿ ತಟ್ಟೆ ಹಿಡಿದುಕೊಂಡೇ ಅತ್ತೆ ಮೆಟ್ಟಿಲು ಹತ್ತಿ ಬಂದರು. ಜೋಳದ ಪರೀಕ್ಷೆಯ ಬಗ್ಗೆ ಮಾತ್ರ ಯೋಚಿಸಿದ್ದೆ, ಮಷಿನ್ ಅಂದ ಮೇಲೆ ಪೂಜೆಯೂ ಆಗಬೇಕೆಂಬುದು ಹೊಳೆದೇ ಇರಲಿಲ್ಲ.

"ಅತ್ತೀ, ಇದಕ್ಕ ಪೂಜಿ ಯಾಕ್ರಿ" ಎಂದೆ.

"ಯಾಕ, ಮಷಿನ್ ಅಲ್ಲೇನು?" ಎಂದು ಅವರು ಕೈ ತಡೆದು ನಿಂತರು.

ಏನು ಹೇಳಲಿ? ಪೂಜೆ ಬೇಡವೆಂದರೆ ಆಟಿಕೆ ಎಂದು ಒಪ್ಪಿಕೊಂಡಂತೆ. ಮಾಡಿರಿ ಎಂದರೆ ಮಷಿನ್ ಮುಗಿದಂತೆ. "ಮಾಡ್ರಿ" ಎಂದೆ. ಅತ್ತೆ ಯಾವುದನ್ನೂ ಅರೆಮನಸ್ಸಿನಿಂದ ಮಾಡುವವರಲ್ಲ. ಇಂಜಿನ್ನಿನ ಹಣೆಗೆ ಮೂರು ಬೆರಳು ವಿಭೂತಿ ಎಳೆಯಲು ಹೋದರು, ಜಾಗ ಸಾಲದೆ ಅದು ಮೈಗೆಲ್ಲ ಆಯಿತು. ಅರಿಸಿನ ಕುಂಕುಮ ಹಳಿಯ ಮೇಲೆ ಉದುರಿತು. ನೀರು ಚಿಮುಕಿಸಿದರು. ಟಿಕೋಟಾ ಸ್ಟೇಷನ್ನಿನ ಪಕ್ಕದಲ್ಲೇ ಕಾಯಿ ಒಡೆದರು, ಆ ನೀರು ಹಳಿಗುಂಟ ಹರಿಯಿತು. ಇಂಜಿನ್ನಿನ ಮೇಲೊಂದು ಚೆಂಡುಹೂವು ಇಟ್ಟಾಗ ಹೂವಷ್ಟೇ ಕಾಣಿಸಿತು, ಇಂಜಿನ್ನು ಕಾಣಿಸಲಿಲ್ಲ. "ಎಷ್ಟ ಚಂದ ಕಾಣತೈತಿ ನೋಡ ಬೇ" ಎಂದಳು ನಾದಿನಿ, ತಾಯಿಗೆ. ಕೊನೆಗೆ ಗಾಲಿಯ ಕೆಳಗೆ ನಿಂಬೆಹಣ್ಣು. ನಿಂಬೆಹಣ್ಣು ಇಂಜಿನ್ನಿನ ಎತ್ತರಕ್ಕೇ ಇತ್ತು. ನಾನು ಉಸಿರು ಬಿಟ್ಟೆ. ಅತ್ತೆ ಒಂದು ಕ್ಷಣ ವಿಚಾರ ಮಾಡಿ, "ಯಾಕಾಗವಲ್ದು, ಅಳತಿ ಪ್ರಕಾರ ಇಡೋಣು" ಎನ್ನುತ್ತ ಕೆಳಗೆ ಹೋಗಿ, ನನ್ನ ಅಣ್ಣ ತನ್ನ ತೋಟದಿಂದ ಕಳಿಸಿದ್ದ ಒಣದ್ರಾಕ್ಷಿಯ ಡಬ್ಬಿ ತಂದರು. ಮುಂದಿನ ಗಾಲಿಗಳ ಕೆಳಗೆ ಆಚೆಗೊಂದು ಈಚೆಗೊಂದು ದ್ರಾಕ್ಷಿ, ಒಳ್ಳೆಯ ದಪ್ಪ, ಮೆತ್ತಗಿನದ್ದೇ ಆರಿಸಿ ಇಟ್ಟರು. ನನ್ನ ತವರಿನ ದ್ರಾಕ್ಷಿಯೇ ನನ್ನ ಕಾಲಿಗೆ ಅಡ್ಡ ಬಂದ ಪ್ರಸಂಗ ಇದು.

ಸರಕಿನ ಡಬ್ಬಿಗೆ ಜೋಳ ಬಿತ್ತು. ನಾನು ಗುಂಡಿ ತಿರುಗಿಸಿದೆ. ಇಂಜಿನ್ನು ಗುಂಯ್ ಎಂದಿತು, ದ್ರಾಕ್ಷಿಯನ್ನು ಹತ್ತಿತು, ಅಪ್ಪಚ್ಚಿ ಮಾಡಿತು. ನಾದಿನಿ ಚಪ್ಪಾಳೆ ತಟ್ಟಿದಳು. ವಿಜಾಪುರ ಬಿಟ್ಟಿತು, ಕುಂಕುಮದಲ್ಲಿ ಕೆಮ್ಮುತ್ತ ಟಿಕೋಟಾ ದಾಟಿತು. ಗಾಲಿಗೆ ಹತ್ತಿದ ಸಕ್ಕರೆಯ ಅಂಟು ಹಳಿಗೆಲ್ಲ ಬಳಿಯುತ್ತ, ಬಳಿದದ್ದಕ್ಕೆ ಅರಿಸಿನ ಮೆತ್ತುತ್ತ, ಕಳ್ಳಕವಟಗಿಯ ಹತ್ತಿರ ಬಂದು ನಿಂತೇಬಿಟ್ಟಿತು. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಅಲುಗಲಿಲ್ಲ. ಯಜಮಾನರು ಕಿಟಕಿಯಿಂದ ಹೊರಗೆ ನೋಡತೊಡಗಿದರು. ನಾಚಿಕೆಗಿಂತ ನನಗೆ ಸಂಕಟವೇ ಆಯಿತು. ಆ ಕೋಣೆ ಹೋದರೆ ಈ ಮನೆಯಲ್ಲಿ ನಾನು ಕೆಲಸವಿಲ್ಲದೆ ಇರಬಹುದಾದ ಜಾಗವೇ ಬೇರೆ ಇರಲಿಲ್ಲ. ಅಳು ಬರುವಂತಾಗಿ, ಡಬ್ಬಿಗಳನ್ನು ಕಟ್ಟಿಡಲು ರಟ್ಟಿನ ಪೆಟ್ಟಿಗೆ ಎಲ್ಲಿದೆ ಎಂದು ಹುಡುಕುವವಳಂತೆ ಬಗ್ಗಿದೆ.

"ಯಾಕ ಕಟ್ಟಾಕತ್ತೀ?" ಅತ್ತೆ ಕೇಳಿದರು. "ಇದು ಖರೇನ ಮಷಿನ್ ಐತಿ."

ನಾನು ತಲೆ ಎತ್ತಿದೆ.

"ಆಟಿಗಿ ಸಾಮಾನ ಆಗಿದ್ರ ಕೀಲಿ ಕೊಟ್ಟ ಕೂಡ್ಲೆ ಓಡತಿತ್ತು. ಮಂದಿ ಮುಂದ ಮರ್ಯಾದಿ ಕಳಿಯೂದು ಮಷಿನ್ ಅಷ್ಟ. ನಮ್ಮ ಟ್ರ್ಯಾಕ್ಟರ್ ಏನ ಕಡಿಮಿ ಐತಿ? ಬೀಗರು ಬಂದ ದಿನಾನ ನಡು ದಾರ್‍ಯಾಗ ನಿಂತಿತ್ತು. ಚೀಲ ಈ ಟೇಬಲ್ ಕೆಳಗ ಇಟ್ಟರಾತು, ಹಂಗ ಜಾಗ ಐತಿ." ಆಮೇಲೆ ಕಣ್ಣು ಸಣ್ಣ ಮಾಡಿ ಸ್ಟೇಷನ್ನಿನ ಹಲಗೆಯ ಮೇಲಿನ ಹೆಸರು ಓದಿದರು. "ನಿಂತಿದ್ದು ಯಾವೂರಾಗ? ಕಳ್ಳಕವಟಗಿ. ನಿನ್ನ ತವರಮನಿಗೆ ಟೇಸನ್ ಐತಿ, ಮಗಳ ಬಬಲೇಶ್ವರಕ್ಕ ಐತಿ. ಸಾರವಾಡ ಎಲ್ಲೈತಿ?"

ಸಾರವಾಡ ಇರಲಿಲ್ಲ. ಜಾಗ ಸಾಲಲಿಲ್ಲ ಎಂದೆ. ಅದು ಯಾವ ಸೊಸೆಯ ಬಾಯಲ್ಲೂ ಒಳ್ಳೆಯದಾಗಿ ಕೇಳಿಸುವ ಮಾತಲ್ಲ. ಮಾರನೆಯ ದಿನವೇ ಹಳಿ, ಗಾಲಿಗಳ ಅಂಟು ಒರೆಸಿ, ಇಡ್ಲಿಯಂಥ ಗುಮ್ಮಟ ಕಿತ್ತು ಅಲ್ಲಿ ಸಾರವಾಡ ಸ್ಟೇಷನ್ ಕಟ್ಟಿದೆ. ಈಗ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲಬೇಕು, ಮತ್ತು ಅತ್ತೆ ಚಹಾ ಕುಡಿದು ಮುಗಿಸುವವರೆಗೆ ನಿಂತಿರಬೇಕು. ಅವರಿಗೆ ಗುಂಡಿ ತಿರುಗಿಸುವುದು ಚೆನ್ನಾಗಿ ಬಂದಿದೆ, ದಿನಾ ಡಬ್ಬಿಗೆ ಜೋಳ ತುಂಬಿಯೇ ಓಡಿಸುತ್ತಾರೆ. ನಾನು ಹಲ್ಲು ಕೀಳುತ್ತಿರುವಾಗ ಮೇಲಿನಿಂದ ಗುಂಯ್ ಎಂಬ ಸದ್ದು ಬರುತ್ತದೆ, ನನ್ನ ಇಕ್ಕಳ ಒಂದು ಕ್ಷಣ ತಡೆಯುತ್ತದೆ.

ಅದನ್ನೂ ಸಹಿಸಿಕೊಂಡೆ. ಆದರೆ ಒಂದು ಸೋಮವಾರ ನಾನು ಮೇಲೆ ಹೋಗಿ ಗುಂಡಿಗೆ ಕೈ ಹಾಕಿದಾಗ ಅತ್ತೆ ಬಾಗಿಲಲ್ಲಿ ಬಂದು ನಿಂತರು. ಊರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. "ಎತ್ತಿಗೆ ಸೂಟಿ, ಟ್ರ್ಯಾಕ್ಟರಿಗೂ ಸೂಟಿ ಕೊಡತೇವಿ. ಇದಕ್ಕೇನ ಬ್ಯಾರೆ ಕಾಯ್ದೆ? ಮಷಿನ್ ಅಂತ ನೀನ ಅಂದೀದಿ" ಎಂದರು. ನನ್ನ ಗೋಳು ಏನೆಂದರೆ, ಭಾನುವಾರ ಹಳ್ಳಿಗಳಿಂದ ರೋಗಿಗಳು ಬರುವುದರಿಂದ ನನ್ನ ವಾರದ ರಜೆ ಸೋಮವಾರ. ವಾರಕ್ಕೆ ಒಂದೇ ದಿನ ಮನಸಾರೆ ರೈಲು ಓಡಿಸಬಹುದಾಗಿತ್ತು, ಅದೇ ದಿನ ರೈಲಿಗೂ ರಜೆ.

ಕಳೆದ ಸೋಮವಾರ ಅತ್ತೆ ಗುಡಿಗೆ ಹೋದರು. ಮನೆಯಲ್ಲಿ ಬೇರೆ ಯಾರೂ ತಡೆಯುವವರಿರಲಿಲ್ಲ. ಬೆಕ್ಕಿನ ಹೆಜ್ಜೆಯಿಟ್ಟು ಮೇಲೆ ಹೋದೆ, ಬಾಗಿಲು ಹಾಕಿಕೊಂಡೆ, ಗುಂಡಿಯ ಮೇಲೆ ಬೆರಳಿಟ್ಟೆ. ಹಸಿರು ಇಂಜಿನ್ನು ಸಾರವಾಡದಲ್ಲಿ ನಿಂತಿತ್ತು, ಹಣೆಯ ಮೇಲೆ ವಿಭೂತಿ. ಯಾಕೋ ಬಹಳ ದಣಿದ ಹಾಗೆ ಕಂಡಿತು. ವಾರವಿಡೀ ಜೋಳ ಎಳೆದಿದೆ, ಪಾಪ. ಬೆರಳು ತೆಗೆದು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಇಳಿದು ಬಂದೆ.

ಪೇಪರಿನಿಂದ ತಲೆಯೆತ್ತಿ ಯಜಮಾನರು ಕೇಳಿದರು: "ಯಾಕ, ಅವ್ವ ಮನ್ಯಾಗಿಲ್ಲಲ್ಲ. ಓಡಸಲಿಲ್ಲೇನು?"

"ಇವತ್ತ ಸೋಮವಾರ ಅಲ್ಲೇನ್ರಿ" ಎಂದು ನಾನೇ ಅವರನ್ನು ಗದರಿದೆ.