ನೆಲಗುಬ್ಬಿಗೆ ತುಸು ಬೆಳಕು

ಮಾರ್ಚ್ ೧೧, ಭಾನುವಾರ. ಬೆಳಿಗ್ಗೆ ತೆಳುವಾದ ಮಂಜು. ಒಂಬತ್ತರ ನಂತರ ನಿರ್ಮಲ ಆಕಾಶ, ಚುರುಕು ಬಿಸಿಲು. ಸಂಜೆ ಸಾಧಾರಣ ಗಾಳಿ. ದಿನದ ಬೆಳಕನ್ನು ಹೀಗೆ ನಿಖರವಾಗಿ ದಾಖಲಿಸುವ ಅಭ್ಯಾಸ ನನಗೆ ಇಪ್ಪತ್ತಾರು ವರ್ಷಗಳಿಂದ ಇದೆ. ಅಂಥವನು ಬೆಳಕಿನ ವಿಷಯದಲ್ಲಿಯೇ ಮುಗ್ಗರಿಸಿದ್ದನ್ನು ಬರೆಯದೆ ಬಿಟ್ಟರೆ ದಿನಚರಿಗೆ ದ್ರೋಹ ಬಗೆದಂತಾಗುತ್ತದೆ.

ನಮ್ಮ ಮನೆಯ ಹಿಂದಿನ ಕೋಣೆಯ ಒಡೆತನ ಬಹುಕಾಲದಿಂದ ವಿವಾದಾಸ್ಪದ. ನನ್ನಾಕೆ ಶಾಲೆಗಳಿಗೆ ಸಮವಸ್ತ್ರ ಹೊಲಿಯುತ್ತಾಳೆ. ಆಕೆಯ ಹೊಲಿಗೆ ಯಂತ್ರ ಇರುವುದು ಊಟದ ಮೇಜಿನ ಪಕ್ಕ. (ಹೋದ ವಾರ ನನ್ನ ಅನ್ನದಲ್ಲಿ ಎರಡು ಗುಂಡಿಗಳು ಸಿಕ್ಕವು. ನಾಲ್ಕು ತೂತಿನವು.) ಕೋಣೆಯಲ್ಲಿ ನನ್ನ ಕ್ಯಾಮೆರಾ, ಅದರ ಮುಕ್ಕಾಲಿ, ಕಂಪ್ಯೂಟರ್ ಮತ್ತು ನಾನು. ಗ್ರಂಥಾಲಯದಲ್ಲಿ ಛಾಯಾಚಿತ್ರ ಸ್ಪರ್ಧೆಯೆಂದು ತಿಳಿದು, ಅದಕ್ಕೆ ನೆಲಗುಬ್ಬಿಯ ಚಿತ್ರ ಕಳಿಸುತ್ತೇನೆಂದು ನಾನು ಸಾರಿದ ದಿನವೇ ನಮ್ಮೊಳಗೆ ಒಪ್ಪಂದವಾಯಿತು.

"ನಿಮ್ಮ ಹಕ್ಕಿಗೆ ಬಹುಮಾನ ಬಂದ್ರೆ ಕೋಣೆ ನಿಮ್ಮದೇ. ನಾನು ತುಟಿ ಪಿಟಕ್ಕೆನ್ನಲ್ಲ," ಎಂದಳು. "ಬರ್ಲಿಲ್ಲ ಅಂದ್ರೆ ಅವತ್ತೇ ಮಿಷನ್ ಒಳಗೆ, ನೀವು ಹೊರಗೆ."

ಆಕೆಯ ಮಾತನ್ನು ಹಾಗೆಯೇ ಬರೆದು, ಕೆಳಗೆ ಇಬ್ಬರ ಸಹಿಯನ್ನೂ ಹಾಕಿಸಿದೆ. ನಾನು ಅಂಥ ಮನುಷ್ಯ.

ಕಳೆದ ಭಾನುವಾರ ಊರಾಚೆಯ ಹುಲ್ಲುಗಾವಲಿಗೆ ದಂಡಯಾತ್ರೆ ಹೊರಟೆವು. ನೆಲಗುಬ್ಬಿ ಎಂಬುದು ಮಣ್ಣಿನ ಬಣ್ಣದ ಪುಟ್ಟ ಹಕ್ಕಿ. ಹಾರಿದರೆ ಹಕ್ಕಿ, ಕುಳಿತರೆ ಮಣ್ಣಿನ ಹೆಂಟೆ. ಅದಕ್ಕಾಗಿ ನಾನು ಮೂರು ಗಂಟೆ ಕಾಲ ಹುಲ್ಲಿನಲ್ಲಿ ಬೋರಲು ಮಲಗಿದ್ದೆ. ನನ್ನಾಕೆ ಹಿಂದೆ ಬಂಡೆಯ ಮೇಲೆ ಕೊಡೆ ಹಿಡಿದು ಕುಳಿತು ಅಂಗಿಗಳಿಗೆ ಗುಂಡಿ ಲೆಕ್ಕ ಹಾಕುತ್ತಿದ್ದಳು.

"ರೀ, ನಿದ್ದೆ ಬಂತಾ?"

"ಶ್! ಎದುರಿಗೇ ಕೂತಿದೆ. ಅಲ್ಲಾಡಬೇಡ."

"ಅಲ್ಲಾಡದೇ ಇರೋದು ಅದು. ಹೆಂಟೆ ಕಣ್ರೀ! ನಿಮ್ಮ ಹಕ್ಕಿ ಅರ್ಧ ಗಂಟೆಯಿಂದ ನಿಮ್ಮ ಕಾಲ ಹತ್ರ ಓಡಾಡ್ತಿದೆ."

"ಮೊದಲೇ ಹೇಳೋದಲ್ವಾ?"

"ಮಾತಾಡಬೇಡ ಅಂತ ಅಪ್ಪಣೆ ಆಗಿತ್ತಲ್ಲ."

ತಿರುಗಿದೆ, ಒಂದೇ ಒಂದು ಚಿತ್ರ ದಕ್ಕಿತು. ಸೂರ್ಯನಿಗೆ ಎದುರಾಗಿ ತೆಗೆದದ್ದರಿಂದ ಹಕ್ಕಿ ತುಸು ಕಪ್ಪಾಗಿತ್ತು. ಚಿಂತೆಯಿಲ್ಲ, ಕಂಪ್ಯೂಟರಿನಲ್ಲಿ ಬೆಳಕನ್ನು ಏರಿಸಿದರಾಯಿತು.

ಸೋಮವಾರ ಸಂಜೆ ಒಂದು ಹಂತ ಏರಿಸಿದೆ. ಗರಿ ಗರಿಯೂ ಎದ್ದು ಕಂಡಿತು. ಮಂಗಳವಾರ ನೋಡಿದರೆ ಮತ್ತೆ ಮಂಕು! ನಿನ್ನೆ ಕಣ್ಣು ದಣಿದಿತ್ತೆಂದು ತೀರ್ಮಾನಿಸಿ ಇನ್ನೊಂದು ಹಂತ ಏರಿಸಿದೆ. ಬುಧವಾರ ಮತ್ತೆ ಕತ್ತಲು, ಮತ್ತೊಂದು ಹಂತ. ಗುರುವಾರವೂ ಹಾಗೆಯೇ. ಪ್ರತಿಯೊಂದು ಏರಿಕೆಯನ್ನೂ ಗಂಟೆ, ನಿಮಿಷಗಳ ಸಮೇತ ಬರೆದಿಟ್ಟಿದ್ದೇನೆ.

ಶುಕ್ರವಾರ ಮುದ್ರಣದ ಅಂಗಡಿಯಿಂದ ಫೋನು. "ಸಾರ್, ಚಿತ್ರ ಸ್ವಲ್ಪ ಬೆಳ್ಳಗಾಯ್ತು ಅನ್ಸುತ್ತೆ..."

"ನಾಲ್ಕು ದಿನ ಅಳೆದು ತೂಗಿ ಮಾಡಿದ್ದೇನೆ. ಕೂದಲೆಳೆಯಷ್ಟೂ ಬದಲಾಯಿಸಬೇಡಿ. ಚೌಕಟ್ಟು ಹಾಕಿ ನೇರ ಗ್ರಂಥಾಲಯಕ್ಕೆ ಕಳಿಸಿ."

ಇಂದು ಹತ್ತು ಗಂಟೆಗೆ ಇಬ್ಬರೂ ಹೋದೆವು. ಗೋಡೆಯ ಮೇಲೆ ನನ್ನ ಹೆಸರಿತ್ತು. 'ಹುಲ್ಲುಗಾವಲಿನ ನೆಲಗುಬ್ಬಿ' ಎಂಬ ಶೀರ್ಷಿಕೆಯಿತ್ತು. ಚೌಕಟ್ಟಿನೊಳಗೆ ಆಗತಾನೆ ಸುಣ್ಣ ಬಳಿದಂತಹ ಬಿಳುಪು. ಕೆಳಗಿನ ಮೂಲೆಯಲ್ಲಿ ಮೂರು ಹುಲ್ಲಿನೆಸಳು. ಅಷ್ಟೇ.

"ರೀ," ನನ್ನಾಕೆ ಪಿಸುಗುಟ್ಟಿದಳು, "ಇಷ್ಟೊಂದು ಬೆಳಕು ಯಾಕೆ ಸುರಿದ್ರಿ?"

"ದಿನಾ ಕಪ್ಪಾಗಿ ಕಾಣ್ತಿತ್ತು."

"ಕಾಣದೇ ಏನು? ಹಗಲು ಶಾಲೆ ಮಕ್ಕಳ ಅಳತೆಗಳ ಪಟ್ಟಿ ನೋಡೋಕೆ ಕಂಪ್ಯೂಟರ್ ಮುಂದೆ ಕೂತ್ರೆ, ನೀವು ತೆರೆದಿಟ್ಟ ಚಿತ್ರದ ಹುಲ್ಲು ಕಣ್ಣು ಕುಕ್ಕೋದು. ದಿನಾ ಪರದೆಯ ಬೆಳಕು ಒಂದೊಂದು ಚೂರು ಇಳಿಸ್ತಾ ಬಂದೆ."

ನಾನು ಚಿತ್ರವನ್ನು ಏರಿಸಿದಷ್ಟೂ ಆಕೆ ಪರದೆಯನ್ನು ಇಳಿಸಿದ್ದಳು. ಆಕೆ ಇಳಿಸಿದಷ್ಟೂ ನಾನು ಏರಿಸಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. (ಕೋಣ ಯಾರೆಂಬುದನ್ನು ದಿನಚರಿಯಲ್ಲಿ ಬರೆಯುವುದು ಕ್ಷೇಮವಲ್ಲ, ಆಕೆ ಓದುತ್ತಾಳೆ.)

ಅಷ್ಟರಲ್ಲಿ ನೆರೆತ ಗಡ್ಡದ ತೀರ್ಪುಗಾರರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಮೊದಲ ಬಹುಮಾನ ನಿಮಗೇ! ಹಕ್ಕಿಯನ್ನು ಎಲ್ಲರೂ ಹಿಡೀತಾರೆ. ಅದು ಹಾರಿಹೋದ ಮೇಲಿನ ಶೂನ್ಯ ಹಿಡಿಯೋಕೆ ಎದೆಗಾರಿಕೆ ಬೇಕು."

ಕೋಣೆ ಉಳಿಯಿತು! ನಾನು ವಿನಯದಿಂದ ತಲೆಬಾಗಿದೆ. ನನ್ನಾಕೆ ನನಗಿಂತ ವಿನಯದಿಂದ ಕೇಳಿದಳು:

"ಸಾರ್, ಹಾಗಾದ್ರೆ ಇದರಲ್ಲಿ ಹಕ್ಕಿ ಇಲ್ವಾ?"

"ಒಂದು ಗರಿಯೂ ಇಲ್ಲಮ್ಮಾ. ಅದೇ ಇದರ ಹೆಚ್ಚುಗಾರಿಕೆ! ಅಲ್ವೇ ಸ್ವಾಮಿ?"

ಸುತ್ತ ಮೂವತ್ತು ಜನ ನಿಂತಿದ್ದರು. ಇದೆಯೆಂದರೆ ಬಹುಮಾನ ಹೋಗುತ್ತಿತ್ತು. ಮಾನವೂ ಅದರ ಹಿಂದೆಯೇ ಹೊರಡುತ್ತಿತ್ತು.

"ಇಲ್ಲ," ಎಂದೆ. "ಬೇಕೆಂದೇ ಬಿಟ್ಟಿದ್ದೇನೆ."

"ಕೇಳಿಸ್ತು," ಎಂದಳು ನನ್ನಾಕೆ. "ಹಕ್ಕಿಗೆ ಬಹುಮಾನ ಬಂದ್ರೆ ಅಂತ ನೀವೇ ಬರೆದು ಸಹಿ ಹಾಕಿಸಿದ್ದು. ಇದು ಶೂನ್ಯಕ್ಕೆ ಬಂದಿದ್ದು. ಶೂನ್ಯಕ್ಕೆ ಕೋಣೆ ಯಾಕ್ರೀ?"

ಇಂದಿನ ಖರ್ಚು: ಮುದ್ರಣ ಮತ್ತು ಚೌಕಟ್ಟು, ಒಂಬೈನೂರು. ಬಸ್ಸು, ಇಬ್ಬರಿಗೆ ನಲವತ್ತು. ಸೊಂಟಕ್ಕೆ ಮುಲಾಮು, ಎಂಬತ್ತೈದು. ಹೊಲಿಗೆ ಯಂತ್ರವನ್ನು ಕೋಣೆಯೊಳಕ್ಕೆ ಸಾಗಿಸಿದ ಕೂಲಿ, ಏನೂ ಇಲ್ಲ, ನಾನೇ ಹೊತ್ತೆ.